ಬೋರ್ಡಕ್ಕ ಮತ್ತು ಕಳುವಾಗದ ಮೂರು ಮೀನು

ಬೆಳಗಿನ ಐದೂಮುಕ್ಕಾಲು. ಮತ್ಸ್ಯಾಲಯದ ಹನ್ನೆರಡನೆಯ ತೊಟ್ಟಿಯ ಮುಂದೆ ಒಂದು ಮಡಚುವ ಸ್ಟೂಲು. ಅದರ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಹನ್ನೊಂದು ಬ್ರಷ್ಷುಗಳಿರುವ ಹಳೆಯ ಬಿಸ್ಕತ್ತಿನ ಡಬ್ಬಿ, ಕಾಲ ಬಳಿ ಚಹಾದ ಫ್ಲಾಸ್ಕು. ತೊಟ್ಟಿಯೊಳಗೆ ನೀರಿದೆ, ಹವಳದ ಕಲ್ಲುಗಳಿವೆ, ತಳದಲ್ಲಿ ಒಂದು ಗೇಣು ಬಿಳಿ ಮರಳಿದೆ. ಮೀನು ಮಾತ್ರ ಒಂದೂ ಇಲ್ಲ. ಹೊಸಬರಾದರೆ ಗಾಬರಿಯಾಗಿ ಯಾರನ್ನಾದರೂ ಕೂಗಿಯಾರು. ಈಕೆ ಕದಲುವುದಿಲ್ಲ. ತೊಟ್ಟಿಯ ಮೇಲಿನ ಮೊದಲ ದೀಪ ಹೊತ್ತಿಕೊಂಡಾಗ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಮರಳಿನ ಕಡೆ ತಿರುಗಿ, ಸೋಮಾರಿ ಮಕ್ಕಳನ್ನು ಎಬ್ಬಿಸುವ ದನಿಯಲ್ಲಿ ಹೇಳುತ್ತಾರೆ: "ಸಾಕು, ಏಳ್ರೋ. ಬೆಳಕು ಹರೀತು."

ಸ್ವಲ್ಪ ಹೊತ್ತಿಗೆ ಮರಳು ಒಂದೆಡೆ ಉಬ್ಬುತ್ತದೆ. ಅಲ್ಲಿಂದ ಒಂದು ಮೂತಿ ಇಣುಕುತ್ತದೆ, ಹಿಂದೆಯೇ ಎರಡು ಕಣ್ಣು. ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ಹೊರಳಿ, ಕೋಣೆಯನ್ನೆಲ್ಲ ಅಳೆದು, ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಮೀನು ಪುಳಕ್ಕನೆ ಹೊರಬಂದು ಮೈಮೇಲಿನ ಮರಳು ಕೊಡವಿಕೊಳ್ಳುತ್ತದೆ. ಆಮೇಲೆ ಇನ್ನೊಂದು. ಅದರಾಚೆ ಮತ್ತೆರಡು. ಆರೂಕಾಲರ ಹೊತ್ತಿಗೆ ಹದಿನೈದೂ ಎದ್ದಿರುತ್ತವೆ. "ಕೊನೇದು ಯಾವತ್ತೂ ಆ ಮೂಲೆಯ ಸಣ್ಣದೇ. ನನ್ನ ಮಗನ ಹಾಗೆ. ಎಬ್ಬಿಸಿದಷ್ಟೂ ಒಳಗೆ ಹೋಗತ್ತೆ" ಎನ್ನುತ್ತಾ ಬೋರ್ಡಕ್ಕ ಮೊದಲ ಬ್ರಷ್ಷನ್ನು ಕೈಗೆತ್ತಿಕೊಳ್ಳುತ್ತಾರೆ.

ಮತ್ಸ್ಯಾಲಯದಲ್ಲಿ ನಲವತ್ತಾರು ತೊಟ್ಟಿಗಳಿವೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಮರದ ಬೋರ್ಡು. ಅದರ ಮೇಲೆ ಒಳಗಿರುವ ಮೀನಿನ ಚಿತ್ರ, ಹೆಸರು, ಎರಡು ಸಾಲು ವಿವರ. ಅಷ್ಟೂ ಬೋರ್ಡುಗಳನ್ನು ಬರೆದವರು, ಬಣ್ಣ ಮಾಸಿದಾಗ ತಿದ್ದಿದವರು ಇವರೊಬ್ಬರೇ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಮೊದಲ ಬಸ್ಸಿಗೆ ಬಂದು ಹತ್ತು ಗಂಟೆಗೆ ಟಿಕೆಟ್ ಕಿಟಕಿ ತೆರೆಯುವಷ್ಟರಲ್ಲಿ ಡಬ್ಬಿ ಮುಚ್ಚಿ ಹೊರಡುತ್ತಾರೆ. ನೋಡಲು ಬರುವ ಸಾವಿರಾರು ಜನರಲ್ಲಿ ಒಬ್ಬರೂ ಇವರ ಮುಖ ಕಂಡಿಲ್ಲ. ಒಂದು ಬೋರ್ಡು ಬರೆದರೆ ಏಳೆಂಟು ವರ್ಷ ಬಾಳುತ್ತದೆ. ಹನ್ನೆರಡನೆಯ ತೊಟ್ಟಿಯದ್ದನ್ನು ಮಾತ್ರ ಒಂಬತ್ತು ವರ್ಷಗಳಲ್ಲಿ ಹತ್ತೊಂಬತ್ತು ಸಲ ತಿದ್ದಿದ್ದಾರೆ.

ತಪ್ಪು ಬೋರ್ಡಿನದಲ್ಲ, ಮೀನಿನದು. ಹವಳದ ದಿಬ್ಬಗಳಲ್ಲಿ ಬದುಕುವ ಈ ಮೀನುಗಳ ಕುಲಕ್ಕೆ ರಾಸ್ ಎಂದು ಹೆಸರು. ಲೋಕದಲ್ಲಿ ಐನೂರಕ್ಕೂ ಹೆಚ್ಚು ಬಗೆಗಳಿವೆಯಂತೆ. ಈ ತೊಟ್ಟಿಯಲ್ಲಿರುವ ಬಗೆಗೆ ಮರಿಯಲ್ಲಿ ಒಂದು ಬಣ್ಣ, ಬೆಳೆದ ಮೇಲೆ ಇನ್ನೊಂದು. ಮರಿಗೆ ಕಿತ್ತಳೆ ಮೈ, ಬೆನ್ನ ಮೇಲೆ ಕಪ್ಪು ಅಂಚಿನ ಬಿಳಿ ತೇಪೆಗಳು. ಬೆಳೆದ ಹೆಣ್ಣಿಗೆ ಕಂದುಗೆಂಪು ಮೈ, ತುಂಬ ನೀಲಿ ಚುಕ್ಕೆ, ಹಳದಿ ಬಾಲ. ಮುಂದೊಂದು ದಿನ ಅದೇ ಹೆಣ್ಣು ಗಂಡಾದರೆ ಮೈಯೆಲ್ಲ ಹಸಿರು ನೀಲಿಗೆ ತಿರುಗಿ ನಡುವೆ ಎಳೆ ಹಸಿರು ಪಟ್ಟಿ ಮೂಡುತ್ತದೆ. ಹೌದು, ಹೆಣ್ಣೇ ಗಂಡಾಗುತ್ತದೆ. ಗುಂಪಿಗೊಬ್ಬ ಗಂಡು ಯಜಮಾನ, ಉಳಿದವೆಲ್ಲ ಹೆಣ್ಣು. ಯಜಮಾನ ಸತ್ತರೆ ಹೆಣ್ಣುಗಳಲ್ಲೇ ದೊಡ್ಡದು ಅವತ್ತೇ ಅವನ ಗತ್ತು ತೋರಿಸಲು ಶುರುಮಾಡುತ್ತದೆ, ವಾರಗಳು ಕಳೆದ ಹಾಗೆ ಅವನ ಬಣ್ಣವೂ ಬರುತ್ತದೆ.

ಮೀನಿನ ವಿಷಯ ತೆಗೆದರೆ ಬೋರ್ಡಕ್ಕನ ಮಾತಿಗೆ ಕೊನೆಯಿಲ್ಲ. "ಈಜೋದು ನೋಡಿ. ಬಾಲ ಆಡಿಸೋದೇ ಇಲ್ಲ, ಬರೀ ಪಕ್ಕದ ರೆಕ್ಕೆಯಲ್ಲೇ ದೋಣಿ ಹುಟ್ಟು ಹಾಕಿದ ಹಾಗೆ ಹಾಕ್ಕೊಂಡು ಹೋಗ್ತವೆ. ಅವಸರ ಇದ್ದಾಗ ಮಾತ್ರ ಬಾಲ." ತನಗಿಂತ ಭಾರದ ಕಲ್ಲನ್ನು ಮೂತಿಯಿಂದ ಮಗುಚಿ ಅಡಿಯಲ್ಲಿರುವ ಹುಳ ಹೆಕ್ಕುವುದು, ಚಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಂಡೆಗೆ ಕುಟ್ಟಿ ಒಡೆಯುವುದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಾರೆ. ಪಕ್ಕದ ತೊಟ್ಟಿಯಲ್ಲಿ ಇವುಗಳದೇ ದಾಯಾದಿ, ಬೆರಳುದ್ದದ ನೀಲಿ ಪಟ್ಟೆಯ ಮೀನೊಂದಿದೆ. ದೊಡ್ಡ ಮೀನುಗಳ ಬಾಯೊಳಗೆ ಹೊಕ್ಕು ಹುಳ ತೆಗೆಯುವುದು ಅದರ ಕಸುಬು. ದೊಡ್ಡವರು ಬಾಯಿ ತೆರೆದುಕೊಂಡು ಸರದಿಯಲ್ಲಿ ನಿಲ್ಲುತ್ತಾರೆ. "ಅದಕ್ಕೆ ಹಲ್ಲು ಡಾಕ್ಟ್ರು ಅಂತ ಹೆಸರಿಟ್ಟಿದೀನಿ. ಫೀಸು ಅಂದರೆ ಆ ಹುಳನೇ."

ಬೋರ್ಡಕ್ಕನ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಹನ್ನೊಂದರ ವಯಸ್ಸಿಗೆ ಮಗಳು ಅವರ ಏಣಿ ಹಿಡಿದಳು, ಹದಿನಾಲ್ಕಕ್ಕೆ ಬ್ರಷ್ಷು. ಔಷಧದಂಗಡಿ, ಗಡಿಯಾರದಂಗಡಿ, ಹೊಲಿಗೆಯಂಗಡಿ, ಬೀದಿಗೆ ಬೀದಿಯೇ ಅವರಿಬ್ಬರ ಕೈಬರಹದಲ್ಲಿತ್ತು. "ಅಪ್ಪ ಒಂದೇ ಮಾತು ಹೇಳೋರು. ಕಣ್ಣಿಗೆ ಕಂಡಿದ್ದನ್ನ ಬರಿ, ಗೊತ್ತಿದೆ ಅಂತ ಅಂದುಕೊಂಡಿದ್ದನ್ನ ಬರೀಬೇಡ ಅಂತ. ಕೇಳಿಸಿಕೊಂಡೆ. ತಲೆಗೆ ಹೋಗಿದ್ದು ಬಹಳ ತಡವಾಗಿ." ಆಮೇಲೆ ಫ್ಲೆಕ್ಸು ಬಂತು. ಅಂಗಡಿಯವರು ಒಬ್ಬೊಬ್ಬರಾಗಿ ಕೈಬಿಟ್ಟರು. ಮತ್ಸ್ಯಾಲಯ ಮಾತ್ರ ಉಳಿಯಿತು, ಯಾಕೆಂದರೆ ಅಲ್ಲಿನ ಉಪ್ಪು ಗಾಳಿಗೆ ಆಗಿನ ಫ್ಲೆಕ್ಸು ಆರು ತಿಂಗಳಲ್ಲೇ ಸಿಪ್ಪೆ ಏಳುತ್ತಿತ್ತು.

ಹೊಲಿಗೆಯಂಗಡಿಯೊಂದರ ಮೇಲಿನ ಎರಡು ಕೋಣೆಯೇ ಮನೆ. ಅಡುಗೆಮನೆಯ ಶೆಲ್ಫಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಪೇಂಟಿನ ಡಬ್ಬಿಗಳು ಕೂತಿರುತ್ತವೆ, ಕಿಟಕಿಯ ಸರಳಿಗೆ ಬ್ರಷ್ಷು ಒರೆಸುವ ಬಟ್ಟೆಗಳು. ಮಗ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಸೊಸೆಗೆ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ, ಅಂದರೆ ಫ್ಲೆಕ್ಸು ಮಾಡುವುದೇ. "ನನ್ನ ಅನ್ನ ಕಸಿದ ಕಂಪನಿಯಿಂದಲೇ ಸೊಸೆ ತಂದೆ. ಒಂದು ಕಣ್ಣು ಅವರ ಮೇಲೆ ಇರಲಿ ಅಂತ" ಎಂದು ಅತ್ತೆ ಹೇಳಿದರೆ, ಸೊಸೆ ತಲೆಯೆತ್ತದೆ, "ಅತ್ತೆಗೆ ಒಂದು ಅಕ್ಷರ ಬರೆಯೋಕೆ ಬೇಕಾಗೋ ಹೊತ್ತಲ್ಲಿ ನಾನು ಊರಿಗೇ ಬೋರ್ಡು ಹಾಕಿರ್ತೀನಿ" ಎನ್ನುತ್ತಾಳೆ. ಇಬ್ಬರ ಜಗಳವೆಲ್ಲ ಇಷ್ಟೇ, ಮತ್ತು ಇದಿಲ್ಲದೆ ಇಬ್ಬರಿಗೂ ಊಟ ಸೇರುವುದಿಲ್ಲ.

ನಗಾಡುವ ಈ ಹೆಂಗಸಿನ ಎದೆಯಲ್ಲಿ ಒಂಬತ್ತು ವರ್ಷದಿಂದ ಒಂದು ಮುಳ್ಳು ಕೂತಿದೆ.

ಹತ್ತು ವರ್ಷದ ಹಿಂದೆ ಈ ಮೀನುಗಳು ಮತ್ಸ್ಯಾಲಯಕ್ಕೆ ಎರಡು ಕಂತಿನಲ್ಲಿ ಬಂದವು. ಬೆಳೆದವು ದೊಡ್ಡ ತೊಟ್ಟಿಗೆ, ಅಂದರೆ ಈ ಹನ್ನೆರಡನೆಯದಕ್ಕೆ ಹೋದವು, ಮೂರು ಕಿತ್ತಳೆ ಮರಿಗಳು ಹಿಂದಿನ ಕೋಣೆಯ ಸಣ್ಣ ತೊಟ್ಟಿಗೆ. ಕಚೇರಿಯಿಂದ ಬಂದ ಚೀಟಿಯಲ್ಲಿ ಅವಕ್ಕೆ ಎರಡು ಬೇರೆ ಹೆಸರಿತ್ತು. ಎರಡು ಬೇರೆ ಜಾತಿಯೆಂದೇ ಎಲ್ಲರೂ ತಿಳಿದಿದ್ದರು. ಬೋರ್ಡಕ್ಕ ಚೀಟಿಯಲ್ಲಿದ್ದ ಹಾಗೆ ಎರಡು ಬೋರ್ಡು ಬರೆದುಕೊಟ್ಟರು. ಮರಿಗಳಿಗೆ ದಿನಾ ಆಹಾರ ಹಾಕುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಮೇವಿನಣ್ಣ ಎಂದು. ಮೀನಿನ ಊಟಕ್ಕೆ ದನದ ಮಾತು ಅಂಟಿಸಿದ ತಮಾಷೆ ಅದು. ಎಂಟು ತಿಂಗಳಾದ ಮೇಲೆ ಆಗಿನ ಮೇಲ್ವಿಚಾರಕರು ತಪಾಸಣೆಗೆ ಬಂದರು. ಬೋರ್ಡಿನಲ್ಲಿ ಮೂರು ಕಿತ್ತಳೆ ಮೀನು, ತೊಟ್ಟಿಯಲ್ಲಿ ಮೂರು ಕಂದುಗೆಂಪು ಮೀನು. ದುಬಾರಿ ಮರಿಗಳನ್ನು ಹೊರಗೆ ಸಾಗಿಸಿ ಬೇರೆ ಮೀನು ತಂದು ಬಿಟ್ಟಿದ್ದಾನೆ ಎಂದು ಮೇವಿನಣ್ಣನ ಮೇಲೆ ಆರೋಪ ಬಂತು.

"ಅವೇ ಸಾರ್ ಇವು, ಬಣ್ಣ ಬದಲಾಯಿಸಿದಾವೆ ಅಷ್ಟೆ. ದಿನಾ ನೋಡಿದೀನಿ ನಾನು" ಎಂದು ಅವನು ಅಂಗಲಾಚಿದ. ಬಣ್ಣ ಬದಲಾಯಿಸುವುದಕ್ಕೆ ಮೀನೇನು ಗೋಡೆಯೇ ಎಂದು ಅವರು ನಕ್ಕರು. ಕೊನೆಗೆ ಚಿತ್ರ ಬರೆದವರನ್ನೇ ಕರೆಸಿ ಕೇಳಿದರು: ನೀವು ನೋಡಿ ಬರೆದ ಮೀನು ಇದೇನಾ? ಬೋರ್ಡಕ್ಕ ಗಾಜಿಗೆ ಮುಖ ಕೊಟ್ಟು ನೋಡಿದರು. "ಇಲ್ಲ, ಇದಲ್ಲ" ಎಂದರು.

ಇದನ್ನು ಹೇಳುವಾಗ ಅವರು ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಗೆ ಹಾಕುತ್ತಾರೆ. "ಎರಡೇ ಮಾತು. ಮಧ್ಯಾಹ್ನಕ್ಕೆ ಅವರನ್ನ ಕೆಲಸದಿಂದ ತೆಗೆದರು. ಹದಿನಾಲ್ಕು ವರ್ಷ ದುಡಿದ ಮನುಷ್ಯ, ಒಂದು ಚೀಲ ಹಿಡ್ಕೊಂಡು ಹಿಂಬಾಗಿಲಿಂದ ಹೋದರು. ನನ್ನನ್ನ ನೋಡಿದರು. ಬೈದಿದ್ರೆ ಚೆನ್ನಾಗಿತ್ತು."

ನಾಲ್ಕು ತಿಂಗಳು ಕಳೆದ ಮೇಲೆ ಬೋರ್ಡಕ್ಕ ದೊಡ್ಡ ತೊಟ್ಟಿಯ ಬೋರ್ಡು ತಿದ್ದಲು ಬಂದರು. ಆ ಮೂರು ಮೀನುಗಳನ್ನೂ ಆ ವೇಳೆಗೆ ಅದೇ ತೊಟ್ಟಿಗೆ ಬಿಟ್ಟಿದ್ದರು. ಒಂದು ಹೆಣ್ಣು ಗಾಜಿನ ಹತ್ತಿರ ಬಂದು ಬಲಕ್ಕೆ ತಿರುಗಿತು. ಅದರ ಬಲಗಡೆಯ ಕಿವಿರಿನ ಮುಚ್ಚಳದಲ್ಲಿ ಬಟಾಣಿ ಕಾಳಿನಷ್ಟು ಒಂದು ತಗ್ಗು. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಉಗ್ರಾಣಕ್ಕೆ ಹೋಗಿ ಮರಿಗಳ ಹಳೆಯ ಬೋರ್ಡು ಹುಡುಕಿ ತೆಗೆದರು. ಅವರೇ ಬರೆದ ಕಿತ್ತಳೆ ಮರಿಯ ಬಲಗಡೆ, ಅದೇ ಜಾಗದಲ್ಲಿ, ಅದೇ ತಗ್ಗು.

"ಅಪ್ಪ ಹೇಳಿದ ಹಾಗೆ ಕಂಡಿದ್ದನ್ನೇ ಬರೆದಿದ್ದೆ, ತಗ್ಗನ್ನೂ ಬಿಡದೆ. ಆಮೇಲೆ ಕೇಳಿದಾಗ ಮಾತ್ರ ನೋಡಲಿಲ್ಲ. ಬಣ್ಣ ನೋಡಿದೆ, ಮೀನು ನೋಡಲಿಲ್ಲ. ನಮ್ಮ ಕಸುಬಿನವರು ಮಾತ್ರ ಮಾಡೋ ತಪ್ಪು ಅದು."

ಅವತ್ತೇ ಕಚೇರಿಗೆ ಓಡಿದರು. ಹಳೆಯ ಮೇಲ್ವಿಚಾರಕರಿಗೆ ವರ್ಗವಾಗಿತ್ತು. ಹೊಸಬರು ಮುಗಿದ ಕತೆ ಯಾಕೆ ಎಂದು ಕೈತೊಳೆದುಕೊಂಡರು. ಮೇವಿನಣ್ಣನ ಮನೆ ಹುಡುಕಿಕೊಂಡು ಹೋದರು. ಮಾರುಕಟ್ಟೆಯ ತಿರುವಿನಲ್ಲಿ ಅವನು ಆಗಲೇ ಛತ್ರಿ ಮತ್ತು ಚೀಲದ ಜಿಪ್ಪು ರಿಪೇರಿಗೆ ಕೂತಿದ್ದ. ಎಲ್ಲ ಕೇಳಿಸಿಕೊಂಡು, ಕೂರಲು ಪೆಟ್ಟಿಗೆ ಸರಿಸಿ, "ನಿಂದೇನಿದೆ ತಂಗೀ, ಚೀಟಿ ಕೊಟ್ಟರು, ಬರೆದೆ" ಎಂದ. ಒಮ್ಮೆ ಬಂದು ಮೀನು ನೋಡಿ ಹೋಗಿ ಅಣ್ಣ ಎಂದರೆ, "ಮಂಡಿ ನೋವು" ಎಂದ. ಆಮೇಲಿನ ಒಂಬತ್ತು ವರ್ಷಗಳಲ್ಲಿ ಬೋರ್ಡಕ್ಕ ಎಷ್ಟು ಸಲ ಕರೆದರೂ ಆ ಮಂಡಿ ವಾಸಿಯಾಗಲಿಲ್ಲ.

ಮಾಡಲು ಉಳಿದದ್ದು ಒಂದೇ. ಯಾರನ್ನೂ ಕೇಳದೆ ಎರಡು ಬೋರ್ಡನ್ನು ಒಂದು ಮಾಡಿ, ಒಂದೇ ಹೆಸರಿನಡಿ ಮರಿ, ಹೆಣ್ಣು, ಗಂಡು ಮೂರನ್ನೂ ಬರೆದರು. ತೊಟ್ಟಿಯಲ್ಲಿ ಯಾವುದಾದರೂ ಬಣ್ಣ ತಿರುಗಿಸಿತೋ, ಬೋರ್ಡಿನಲ್ಲೂ ತಿದ್ದಿದರು. ತಗ್ಗಿನ ಕಿವಿರಿನ ಹೆಣ್ಣಿಗೆ ದೊಡ್ಡಕ್ಕ ಎಂದು ಹೆಸರಿಟ್ಟರು. ಕಳುವಾದವೆಂದು ಲೆಕ್ಕ ಹಿಡಿದ ಮೂರರಲ್ಲಿ ಈಗ ಬದುಕಿರುವುದು ಅದೊಂದೇ.

ಈ ವರ್ಷ ಮತ್ಸ್ಯಾಲಯ ಹೊಸದಾಗುತ್ತಿದೆ. ಉಪ್ಪು ಗಾಳಿಗೂ ಜಗ್ಗದ ಪ್ರಿಂಟಿಂಗ್ ಬಂದಿದೆಯಂತೆ. ನಲವತ್ತಾರೂ ಮರದ ಬೋರ್ಡು ಇಳಿಸಿ, ಶಾಲೆಯ ರಜೆ ಶುರುವಾಗುವ ಮೊದಲು ಪ್ರಿಂಟ್ ಮಾಡಿದ ಫಲಕ ಹಾಕಬೇಕೆಂದು ಈಗಿನ ಮೇಲ್ವಿಚಾರಕರ ತೀರ್ಮಾನ. ಕೆಲಸ ಸಿಕ್ಕಿದ್ದು ಸೊಸೆಯ ಅಂಗಡಿಗೇ. ಕೆಲಸ ಕೈತಪ್ಪಿತೆಂದು ಬೋರ್ಡಕ್ಕ ಕಣ್ಣೀರು ಹಾಕಲಿಲ್ಲ. "ಕಣ್ಣು ಮಂಜಾಗ್ತಿದೆ, ಎಷ್ಟು ದಿನ ಅಂತ ಎಳೆಯೋದು" ಎಂದರು. ಆದರೆ ಅಡುಗೆಮನೆಯ ಮೇಜಿನ ಮೇಲೆ ಸೊಸೆ ಹರಡಿದ ಹಾಳೆ ನೋಡಿ ಮುಖ ಬಾಡಿತು. ಒಂದು ಮೀನಿಗೆ ಒಂದು ಚೌಕ, ಒಂದು ಫೋಟೋ. ಹನ್ನೆರಡನೆಯ ತೊಟ್ಟಿಗೆ ಎಲ್ಲಿಂದಲೋ ತೆಗೆದ ಹಸಿರು ನೀಲಿ ಗಂಡಿನ ಫೋಟೋ.

"ಒಂದೇ ಸಾಲದು ಕಣೇ. ಮೂರೂ ಹಾಕು."

"ಅತ್ತೆ, ಎಲ್ಲ ಫಲಕಕ್ಕೂ ಅದೇ ಅಳತೆ. ಇದಕ್ಕೆ ಮಾತ್ರ ಮೂರು ಚೌಕ ಕೊಟ್ಟರೆ ಉಳಿದ ನಲವತ್ತೈದು ಮೀನು ಮುನಿಸಿಕೊಳ್ಳಲ್ವಾ?"

"ಮುನಿಸಿಕೊಳ್ಳಲಿ. ಅವು ಹುಟ್ಟಿದ ಬಣ್ಣದಲ್ಲೇ ಸಾಯ್ತವೆ, ಅವಕ್ಕೇನು ಕಷ್ಟ?" ಎಂದ ಬೋರ್ಡಕ್ಕ ನಗಲಿಲ್ಲ. "ನಾಳೆ ಇನ್ನೊಬ್ಬ ಮೇಲ್ವಿಚಾರಕ ಬರ್ತಾನೆ. ನಿನ್ನ ಫಲಕ ನೋಡ್ತಾನೆ, ತೊಟ್ಟಿ ನೋಡ್ತಾನೆ. ಆಗ ಆಹಾರ ಹಾಕೋರು ಯಾರಿದ್ದಾರೋ ಅವರ ಗತಿ ಏನು?" ಎಂದರು. ಮೇವಿನಣ್ಣನ ಕತೆಯನ್ನು ಅವರು ಸೊಸೆಗೆ ಮೊದಲ ಬಾರಿ ಹೇಳಿದ್ದು ಆಗಲೇ. ಒಲೆಯ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಾರನೆಯ ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ಹತ್ತಿದರು. ಹನ್ನೆರಡನೆಯ ತೊಟ್ಟಿಯ ಹಳೆಯ ಯಜಮಾನ ಮೀನು ಸತ್ತು ಆಗಲೇ ಐದು ವಾರವಾಗಿತ್ತು. ಅವನು ಸತ್ತ ದಿನ ಮಧ್ಯಾಹ್ನವೇ ದೊಡ್ಡಕ್ಕ ತೊಟ್ಟಿಯ ಗಸ್ತು ತಿರುಗಲು, ಚಿಕ್ಕವರನ್ನು ಗದರಿಸಲು ಶುರುಮಾಡಿದ್ದಳಂತೆ. ದೀಪ ಹೊತ್ತಿತು, ಮರಳು ಉಬ್ಬಿತು, ದೊಡ್ಡಕ್ಕ ಎದ್ದು ಬಂದು ಗಾಜಿನ ಮುಂದೆ ಬಲಕ್ಕೆ ತಿರುಗಿ ನಿಂತಳು. ತಲೆಯ ಕಡೆ ಹಸಿರು, ಬಾಲದ ಕಡೆ ಇನ್ನೂ ಕಂದುಗೆಂಪು, ನಡುವೆ ಮೂಡಲೋ ಬೇಡವೋ ಎನ್ನುವಂತೆ ಮಸುಕಾದ ಒಂದು ಪಟ್ಟಿ. ಕಿವಿರಿನ ಮುಚ್ಚಳದಲ್ಲಿ ಬಟಾಣಿಯಷ್ಟು ತಗ್ಗು. ಸೊಸೆ ಗಾಜಿನ ಹತ್ತಿರ ಬಾಗಿ ಆ ತಗ್ಗನ್ನು ನೋಡಿದಳು. ಫೋಟೋ ತೆಗೆಯಲು ತಂದ ಫೋನು ಕೈಯಲ್ಲೇ ಉಳಿಯಿತು.

"ಇದರ ಫೋಟೋ ಈಗ ತೆಗೆದು ಏನು ಪ್ರಯೋಜನ ಅತ್ತೆ? ಇದು ಇನ್ನೂ ಮುಗಿದಿಲ್ಲ" ಎಂದಳು.

ಫೈಲು ಶನಿವಾರ ಪ್ರಿಂಟಿಗೆ ಹೋಗಲೇಬೇಕಿತ್ತು. ಶುಕ್ರವಾರ ಸೊಸೆ ಮೇಲ್ವಿಚಾರಕರ ಮುಂದೆ ಕೂತು ಹನ್ನೆರಡನೆಯ ಫಲಕಕ್ಕೆ ಮೂರು ಚೌಕ ಬೇಕೆಂದಳು. ಅವರು ಅಳತೆಯ ಮಾತೆತ್ತಿದರು. ಇವಳು ಉಗ್ರಾಣದ ಹಳೆಯ ಬೋರ್ಡನ್ನು ತಂದು ಮೇಜಿನ ಮೇಲಿಟ್ಟು, ಕಿತ್ತಳೆ ಮರಿಯ ತಗ್ಗು ತೋರಿಸಿ, ಅವರನ್ನು ಎಬ್ಬಿಸಿಕೊಂಡು ಹೋಗಿ ದೊಡ್ಡಕ್ಕನ ತಗ್ಗು ತೋರಿಸಿದಳು. ಅಲ್ಲಿಗೆ ಅಳತೆಯ ಮಾತು ಮುಗಿಯಿತು. "ನನ್ನ ಸೊಸೆ ಅಂದ್ರೆ ಸುಮ್ನೆ ಅಲ್ಲ" ಎನ್ನುತ್ತಾರೆ ಬೋರ್ಡಕ್ಕ, ಅವಳಿಗೆ ಕೇಳಿಸದಂತೆ.

ಈಗ ಆ ಫಲಕ ತಯಾರಾಗಿ ತೊಟ್ಟಿಯ ಪಕ್ಕದಲ್ಲಿದೆ. ಮೊದಲ ಚೌಕದಲ್ಲಿ ಮರಿ, ಎರಡನೆಯದರಲ್ಲಿ ಹೆಣ್ಣು. ಮೂರನೆಯದು ಖಾಲಿ. ಅಲ್ಲಿ ಮಾತ್ರ ನುಣುಪು ಪದರ ಹಾಕಿಸದೆ, ಪೇಂಟು ಹಿಡಿಯುವಂತೆ ತರಿತರಿಯಾಗಿಯೇ ಬಿಟ್ಟಿದ್ದಾಳೆ ಸೊಸೆ. "ಅದು ಗಂಡಾಗೋದು ಮುಗಿದ ಮೇಲೆ ನೀವೇ ಬರೀರಿ ಅತ್ತೆ. ಅಷ್ಟು ಹೊತ್ತು ಕಾಯೋ ಮೆಷಿನ್ನು ನಮ್ಮಲ್ಲಿಲ್ಲ." ಕೆಳಗೆ ಎಲ್ಲ ಫಲಕಗಳಿಗಿಂತ ದಪ್ಪ ಅಕ್ಷರದಲ್ಲಿ ಎರಡು ಸಾಲು: ಇವು ಮೂರೂ ಒಂದೇ ಮೀನು. ಬಣ್ಣ ಬದಲಾದರೆ ಮೀನು ಕಳುವಾಯಿತೆಂದು ತಿಳಿಯಬೇಡಿ.

ಪ್ರಿಂಟಿಗೆ ಕೊಟ್ಟ ದಿನವೇ ಸೊಸೆ ಅತ್ತೆಗೆ ಹೇಳದೆ ಇನ್ನೊಂದು ಕೆಲಸ ಮಾಡಿದ್ದಳು. ಆ ಎರಡು ಸಾಲಿರುವ ಮಾದರಿ ಹಾಳೆಯನ್ನು ಮಡಚಿಕೊಂಡು, ಕಡ್ಡಿ ಮುರಿದ ಛತ್ರಿಯೊಂದನ್ನು ಹಿಡಿದು ಮಾರುಕಟ್ಟೆಯ ತಿರುವಿಗೆ ಹೋಗಿದ್ದಳು. ಮೇವಿನಣ್ಣ ಕನ್ನಡಕ ಏರಿಸಿ ಹಾಳೆ ಓದಿದ. ಇನ್ನೊಮ್ಮೆ ಓದಿದ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಛತ್ರಿಗೆ ಕಡ್ಡಿ ಹಾಕಿ ಮುಗಿಸಿದ. ಅದನ್ನು ಬಿಚ್ಚಿ ಮುಚ್ಚಿ ಪರೀಕ್ಷೆ ಮಾಡಿ ಕೊಡುವಾಗ ಕೇಳಿದ: "ಈಗ ಎಷ್ಟು ಗಂಟೆಗೆ ಏಳ್ತವೆ ಅವು?"

ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಗ್ಗೆ ಹನ್ನೆರಡನೆಯ ತೊಟ್ಟಿಯ ಮುಂದೆ ಮಡಚುವ ಸ್ಟೂಲಿನ ಮೇಲೆ ಮೇವಿನಣ್ಣ ಕೂತಿದ್ದಾನೆ. ಬೋರ್ಡಕ್ಕ ಪಕ್ಕದಲ್ಲಿ ನಿಂತಿದ್ದಾರೆ. ಫ್ಲಾಸ್ಕಿನ ಮುಚ್ಚಳದ ಚಹಾ ಅವನ ಕೈಯಲ್ಲಿದೆ, ಕುಡಿಯುವುದು ಮರೆತಿದೆ. ಮಂಡಿ ಹೇಗಿದೆ ಎಂದು ಇವರು ಕೇಳಿಲ್ಲ, ಅವನೂ ಹೇಳಿಲ್ಲ. ದೀಪ ಹೊತ್ತಿಕೊಳ್ಳುತ್ತದೆ. ಮರಳು ಉಬ್ಬುತ್ತದೆ. ಈ ಸಲ ಮೊದಲು ಎದ್ದು ಬರುವುದು ದೊಡ್ಡಕ್ಕನೇ. ಹಸಿರು ಬಾಲದವರೆಗೂ ಇಳಿದಿದೆ, ನಡುವಿನ ಪಟ್ಟಿ ಎದ್ದು ಕಾಣುತ್ತಿದೆ. ಒಂದು ಸುತ್ತು ಹಾಕಿ ಗಾಜಿನ ಮುಂದೆ ಬಂದು ಬಲಕ್ಕೆ ತಿರುಗುತ್ತದೆ.

ಮೇವಿನಣ್ಣ ಮುಂದಕ್ಕೆ ಬಾಗುತ್ತಾನೆ. ತಗ್ಗು ಇರುವ ಕಡೆಗೇ ಬೆರಳು ಹೋಗುತ್ತದೆ. ಅವನಿಗೆ ಯಾರೂ ತೋರಿಸಬೇಕಾಗಿಲ್ಲ.

"ಇದೇನಾ ತಂಗೀ, ನಾನು ಕದ್ದಿದ್ದು?"

ಬೋರ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅಳುತ್ತಿದ್ದಾರೆ, ನಗುತ್ತಲೂ ಇದ್ದಾರೆ. ಆಮೇಲೆ ಡಬ್ಬಿಯಿಂದ ತೆಳುವಾದ ಬ್ರಷ್ಷೊಂದನ್ನು ಆರಿಸಿ, ಹಸಿರಿಗೆ ಅದ್ದಿ, ಫಲಕದ ಖಾಲಿ ಚೌಕದ ಮುಂದೆ ನಿಲ್ಲುತ್ತಾರೆ. ಮೊದಲು ಬರೆಯುವುದು ಆ ತಗ್ಗನ್ನು.

"ಇದೇ ಅಣ್ಣ. ಎಲ್ಲೂ ಹೋಗಿರಲಿಲ್ಲ."